ಮತಾಂತರಿಗೆ ಎದುರಾದ ಪ್ರಶ್ನೆಗಳು: ಜಾನ್ ಹೆನ್ರಿ ನ್ಯೂಮನ್ ಅವರ ಉತ್ತರಗಳನ್ನು ಕುರಿತು

ಕನ್ನಡದ ಓದುಗರಲ್ಲಿ ಹೆಚ್ಚಿನವರಿಗೆ ಜಾನ್ ಹೆನ್ರಿ ನ್ಯೂಮನ್ (೧೮೦೧–೧೮೯೦) ಪರಿಚಿತರಾಗಿರುವುದು ಒಂದು ಗೀತೆಯ ಮೂಲಕ. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿರುವ ‘ಕರುಣಾಳು ಬಾ ಬೆಳಕೆ’ ನಮ್ಮಲ್ಲಿ ಮತಭೇದವಿಲ್ಲದೆ ಪ್ರಾರ್ಥನಾಗೀತೆಯಾಗಿ ನೆಲೆಗೊಂಡಿದೆ. ಅದರ ಮೂಲವನ್ನು ನ್ಯೂಮನ್ ರಚಿಸಿದ್ದು ೧೮೩೩ರ ಜೂನ್ ತಿಂಗಳಿನಲ್ಲಿ. ಸಿಸಿಲಿಯಲ್ಲಿ ಪ್ರಾಣಾಂತಿಕವೆನಿಸಿದ ಜ್ವರದಿಂದ ಚೇತರಿಸಿಕೊಂಡು ಪಲೆರ್ಮೊದಿಂದ ಮಾರ್ಸೇಲ್ಸ್ ನಗರಕ್ಕೆ ಹೊರಟಿದ್ದ ಅವರ ಹಡಗು ಗಾಳಿಯಿಲ್ಲದೆ ಸಮುದ್ರದ ನಡುವೆ ನಿಂತಿದ್ದ ಸಂದರ್ಭ ಅದು. ಆಗ ಅವರು ಆಂಗ್ಲಿಕನ್ ಧರ್ಮಸಭೆಯ ಪಾದ್ರಿ. ರೋಮಿನ ಧರ್ಮಸಭೆ ಮೂಲದಿಂದ ದೂರ ಸರಿದದ್ದೆಂದು ಬಲವಾಗಿ ನಂಬಿದ್ದವರು. ಹನ್ನೆರಡು ವರ್ಷಗಳ ತರುವಾಯ, ೧೮೪೫ರಲ್ಲಿ, ಅವರು ಅದೇ ಧರ್ಮಸಭೆಯನ್ನು ಸೇರಿದರು. ಗೀತೆಯಲ್ಲಿ ಮುಂದಿನ ಮತಾಂತರದ ಸೂಚನೆಯನ್ನು ಕಾಣುವವರಿದ್ದಾರೆ. ಅದು ನಡೆದದ್ದನ್ನು ತಿಳಿದ ಮೇಲೆ ಮೂಡುವ ಓದೇ ಹೊರತು ಅಂದಿನ ನ್ಯೂಮನ್ನರ ಮನಸ್ಸಲ್ಲ.

ಒಬ್ಬ ವ್ಯಕ್ತಿ ಮತ ಬದಲಿಸಿದಾಗ ಸುತ್ತಲಿನವರು ಪ್ರಶ್ನಿಸುತ್ತಾರೆ. ಪೋಪರ ಅಧಿಕಾರವನ್ನು ಹೇಗೆ ಒಪ್ಪಿದಿರಿ, ಮಾತೆ ಮರಿಯಳಿಗೆ ಸಲ್ಲಿಸುವ ಗೌರವಕ್ಕೆ ಶಾಸ್ತ್ರಾಧಾರವೇನು ಎಂಬಂಥವು ತತ್ತ್ವದ ಪ್ರಶ್ನೆಗಳು. ಅವುಗಳ ಹಿಂದೆ ಇನ್ನೊಂದು ಬಗೆಯ ಪ್ರಶ್ನೆಯಿರುತ್ತದೆ: ನಮ್ಮೊಡನೆ ಇದ್ದಾಗಲೇ ನೀವು ಒಳಗೊಳಗೆ ಅವರ ಕಡೆಯವರಾಗಿದ್ದಿರೋ? ಮೊದಲನೆಯದಕ್ಕೆ ಉತ್ತರ ತರ್ಕ. ಎರಡನೆಯದಕ್ಕೆ ಎಂಥ ತರ್ಕವೂ ಸಾಲದು, ಏಕೆಂದರೆ ಅಲ್ಲಿ ಸಂದೇಹಕ್ಕೆ ಒಳಗಾಗಿರುವುದು ಉತ್ತರ ಹೇಳುವವನ ಮಾತೇ. ಈ ವ್ಯತ್ಯಾಸವನ್ನು ಕಂಡುಕೊಳ್ಳಲು ನ್ಯೂಮನ್ ಅವರಿಗೆ ಸುಮಾರು ಎರಡು ದಶಕಗಳೇ ಬೇಕಾದವು. ಕಂಡುಕೊಂಡಾಗ ಹುಟ್ಟಿದ್ದು ೧೮೬೪ರ ‘ಅಪೋಲೋಜಿಯಾ ಪ್ರೊ ವೀಟಾ ಸುವಾ’. ಆ ಉತ್ತರದ ಹಾದಿಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೋಲಿಕೆಗಾಗಿ ಕೊನೆಯಲ್ಲಿ ಭಾರತದ ಒಂದು ನಿದರ್ಶನವನ್ನೂ ಗಮನಿಸಲಾಗಿದೆ.

ಪರಿಭಾಷೆಯ ಬಗ್ಗೆ ಒಂದು ಮಾತು. ಆಂಗ್ಲಿಕನ್ನರೂ ಕಥೋಲಿಕರೂ ಕ್ರೈಸ್ತರೇ ಆದುದರಿಂದ ಇದನ್ನು ‘ಪಂಥಾಂತರ’ ಎನ್ನುವುದು ಹೆಚ್ಚು ಸಮಂಜಸವೆನಿಸಬಹುದು. ಆದರೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡ್ ಅದನ್ನು ಅಷ್ಟು ಹಗುರವಾಗಿ ಕಾಣಲಿಲ್ಲ. ಅಲ್ಲಿ ಧರ್ಮಸಭೆಯೂ ರಾಜ್ಯವೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಕಥೋಲಿಕರು ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವ ಹಕ್ಕನ್ನು ಪಡೆದದ್ದು ೧೮೨೯ರ ಕಾಯಿದೆಯಿಂದ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಪ್ರವೇಶ ಪಡೆಯುವ ವಿದ್ಯಾರ್ಥಿ ಆಂಗ್ಲಿಕನ್ ಸಭೆಯ ಮೂವತ್ತೊಂಬತ್ತು ವಿಶ್ವಾಸವಿಧಿಗಳಿಗೆ ಸಹಿ ಹಾಕಬೇಕೆಂಬ ನಿಯಮ ೧೮೫೪ರವರೆಗೂ ಇತ್ತು. ೧೮೫೦ರಲ್ಲಿ ಪೋಪರು ಇಂಗ್ಲೆಂಡಿಗೆ ಮತ್ತೆ ಕಥೋಲಿಕ ಬಿಷಪ್ಪರ ವ್ಯವಸ್ಥೆಯನ್ನು ನೀಡಿದಾಗ ಅದನ್ನು ‘ಪೋಪರ ಆಕ್ರಮಣ’ವೆಂದು ಕರೆದು ದೇಶವ್ಯಾಪಿ ಪ್ರತಿಭಟನೆಗಳು ನಡೆದವು. ಹೀಗಾಗಿ ಕಥೋಲಿಕನಾಗುವುದೆಂದರೆ ನೌಕರಿ, ಗೆಳೆತನ, ಬಂಧುತ್ವ, ಒಂದರ್ಥದಲ್ಲಿ ಇಂಗ್ಲಿಷತನವನ್ನೇ ಬಿಟ್ಟುಕೊಡುವುದು ಎಂಬ ಭಾವನೆಯಿತ್ತು. ಬಿಟ್ಟು ಹೋದವನನ್ನು ಕೇಳುವ ಪ್ರಶ್ನೆಯಲ್ಲಿ ಈ ಭಾರವೆಲ್ಲ ಸೇರಿಕೊಂಡಿರುತ್ತಿತ್ತು.

ನ್ಯೂಮನ್ ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನ ಫೆಲೊ ಆದದ್ದು ೧೮೨೨ರಲ್ಲಿ. ವಿಶ್ವವಿದ್ಯಾಲಯದ ಸೇಂಟ್ ಮೇರಿ ದೇವಾಲಯದ ವಿಕಾರ್ ಆದದ್ದು ೧೮೨೮ರಲ್ಲಿ. ೧೮೩೩ರಲ್ಲಿ ಜಾನ್ ಕೀಬಲ್ ಮೊದಲಾದವರೊಡನೆ ಆರಂಭಿಸಿದ ಆಕ್ಸ್‌ಫರ್ಡ್ ಚಳವಳಿಯ ಗುರಿ ಆಂಗ್ಲಿಕನ್ ಸಭೆಗೆ ಅದರ ಪ್ರಾಚೀನ ಕಥೋಲಿಕ ಪರಂಪರೆಯನ್ನು ನೆನಪಿಸುವುದಾಗಿತ್ತು, ರೋಮನ್ನು ಸೇರುವುದಾಗಿರಲಿಲ್ಲ. ಅದರ ಮುಖವಾಣಿಯಾಗಿ ತೊಂಬತ್ತು ಕಿರುಹೊತ್ತಗೆಗಳು ಹೊರಬಂದವು. ೧೮೪೧ರ ತೊಂಬತ್ತನೆಯದರಲ್ಲಿ ನ್ಯೂಮನ್ ಮೂವತ್ತೊಂಬತ್ತು ವಿಧಿಗಳನ್ನು ಕಥೋಲಿಕ ಅರ್ಥದಲ್ಲಿಯೂ ಓದಬಹುದೆಂದು ವಾದಿಸಿದರು. ವಿಶ್ವವಿದ್ಯಾಲಯದ ಕಾಲೇಜುಗಳ ಮುಖ್ಯಸ್ಥರು ಅದನ್ನು ಖಂಡಿಸಿದರು. ಬಿಷಪ್ಪರ ಇಚ್ಛೆಯಂತೆ ಮಾಲಿಕೆ ನಿಂತುಹೋಯಿತು. ‘ಒಳಗಿದ್ದುಕೊಂಡೇ ಶತ್ರುವಿಗೆ ಬಾಗಿಲು ತೆರೆಯುವವನು’ ಎಂಬ ಸಂದೇಹ ಅವರನ್ನು ಅಂಟಿಕೊಂಡದ್ದು ಇಲ್ಲಿಂದಲೇ.

ಇದಕ್ಕೆ ಮೊದಲೇ, ೧೮೩೯ರ ಬೇಸಿಗೆಯಲ್ಲಿ, ಐದನೆಯ ಶತಮಾನದ ವಿಶ್ವಾಸವಿವಾದಗಳನ್ನು ಅಧ್ಯಯನ ಮಾಡುತ್ತಿದ್ದಾಗ ಅವರ ನಿಲುವು ಮೊದಲ ಬಾರಿಗೆ ಅಲುಗಿತ್ತು. ಪ್ರಾಚೀನ ಕಾಲದಲ್ಲಿ ಸಭೆಯಿಂದ ಬೇರೆಯಾದ ಪಂಗಡಗಳ ಸ್ಥಾನದಲ್ಲಿ ತಮ್ಮದೇ ಸಭೆ ಇರುವಂತೆ ಅವರಿಗೆ ತೋರಿತು. ಅದೇ ವರ್ಷ ನಿಕೊಲಸ್ ವೈಸ್‌ಮನ್ ಡೊನಾಟಿಸ್ಟರನ್ನು ಕುರಿತು ಬರೆದ ಲೇಖನ, ಅದರಲ್ಲಿ ಉದ್ಧರಿಸಿದ್ದ ಸಂತ ಆಗಸ್ಟೀನರ ಒಂದು ವಾಕ್ಯ, ಆ ಅಲುಗಾಟವನ್ನು ಹೆಚ್ಚಿಸಿತು. ೧೮೩೯ರಿಂದ ೧೮೪೫ರವರೆಗಿನ ಈ ಆರು ವರ್ಷಗಳೇ ಮುಂದಿನ ಎಲ್ಲ ಆಪಾದನೆಗಳ ಮೂಲ.

ಈ ಅವಧಿಯ ಇಕ್ಕಟ್ಟು ವಿಶೇಷ ಗಮನಕ್ಕೆ ಅರ್ಹವಾಗಿದೆ. ಸಂದೇಹ ಮೂಡಿದ ಕೂಡಲೇ ಅದನ್ನು ಬಹಿರಂಗಪಡಿಸಿದರೆ, ತಮ್ಮನ್ನು ನೆಚ್ಚಿಕೊಂಡ ನೂರಾರು ಮಂದಿಯ ಶ್ರದ್ಧೆಯನ್ನು ಇನ್ನೂ ಖಚಿತವಾಗದ ಕಾರಣಕ್ಕಾಗಿ ಕೆಡಿಸಿದಂತಾಗುತ್ತಿತ್ತು. ಬಚ್ಚಿಟ್ಟುಕೊಂಡರೆ ಕಪಟವೆನಿಸುತ್ತಿತ್ತು. ಹೋಗಬೇಡಿರೆಂದು ಒಂದು ಗುಂಪು ಬೇಡಿಕೊಂಡರೆ, ಇನ್ನೂ ಏಕೆ ಹೋಗಿಲ್ಲವೆಂದು ಇನ್ನೊಂದು ಗುಂಪು ಮೂದಲಿಸುತ್ತಿತ್ತು. ನ್ಯೂಮನ್ ಆಯ್ದುಕೊಂಡದ್ದು ಹಂತಹಂತವಾಗಿ ಹಿಂದೆ ಸರಿಯುವ ದಾರಿಯನ್ನು. ೧೮೪೨ರಲ್ಲಿ ಆಕ್ಸ್‌ಫರ್ಡಿನ ಹೊರವಲಯದ ಲಿಟಲ್‌ಮೋರ್ ಹಳ್ಳಿಗೆ ವಾಸ ಬದಲಿಸಿದರು. ೧೮೪೩ರ ಆರಂಭದಲ್ಲಿ ರೋಮಿನ ವಿರುದ್ಧ ತಾವು ಆಡಿದ್ದ ಕಟುನುಡಿಗಳನ್ನೆಲ್ಲ ಪತ್ರಿಕೆಯೊಂದರಲ್ಲಿ ಹಿಂತೆಗೆದುಕೊಂಡರು. ಸೆಪ್ಟೆಂಬರಿನಲ್ಲಿ ಸೇಂಟ್ ಮೇರಿಯ ಹೊಣೆಯನ್ನು ತ್ಯಜಿಸಿ ಅದೇ ತಿಂಗಳ ೨೫ರಂದು ಲಿಟಲ್‌ಮೋರಿನಲ್ಲಿ ಆಂಗ್ಲಿಕನ್ನರಾಗಿ ತಮ್ಮ ಕೊನೆಯ ಧರ್ಮೋಪದೇಶವನ್ನು ಮಾಡಿದರು. ಆ ಬಳಿಕ ಎರಡು ವರ್ಷ ಸಾಮಾನ್ಯ ಸದಸ್ಯನಂತೆ ಕಾದರು. ಕಾಯುವಿಕೆ ಪ್ರಾಮಾಣಿಕತೆಯ ಲಕ್ಷಣವೆಂದು ಅವರು ಭಾವಿಸಿದ್ದರು. ಹೊರಗಿನವರಿಗೆ ಅದು ಸಂಚಿನಂತೆ ಕಂಡಿತು. ಹೊರಗಿನವರನ್ನು ಪೂರ್ತಿಯಾಗಿ ದೂರುವಂತೆಯೂ ಇಲ್ಲ. ಹಿಂದೆ ರೋಮನ್ನು ಬೈದದ್ದು ತಮ್ಮ ಸಭೆಯ ವಿದ್ವಾಂಸರ ಸಂಪ್ರದಾಯವನ್ನು ಅನುಸರಿಸಿ ಎಂದು ಹಿಂತೆಗೆತದ ಹೇಳಿಕೆಯಲ್ಲಿ ಬರೆದುಕೊಂಡವರು ಈಗ ಆಡುತ್ತಿರುವುದು ತಮ್ಮದೇ ಮಾತೋ, ಅದೂ ಇನ್ನೊಂದು ಸಂಪ್ರದಾಯದ ಮಾತೋ ಎಂದು ಕೇಳುವವರಿಗೆ ಅನಿಸಿದ್ದರೆ ಅದು ಸಹಜ.

ಹತ್ತಿರದವರ ಪ್ರಶ್ನೆಗಳೇ ಹೆಚ್ಚು ನೋವಿನವು. ಸಹೋದರಿ ಹ್ಯಾರಿಯೆಟ್ ಮಾತು ಬಿಟ್ಟರು. ಇನ್ನೊಬ್ಬ ಸಹೋದರಿ ಜಮೀಮಾ ಪತ್ರವ್ಯವಹಾರವನ್ನು ಮುಂದುವರಿಸಿ, ಬೇಡಿಕೊಳ್ಳುತ್ತಲೇ ಪ್ರಶ್ನಿಸಿದರು. ೧೮೪೫ರ ಮಾರ್ಚ್‌ನಲ್ಲಿ ಆಕೆಗೆ ಬರೆದ ಪತ್ರದಲ್ಲಿ ನ್ಯೂಮನ್ ಸಿದ್ಧಾಂತದ ಗೋಜಿಗೆ ಹೆಚ್ಚು ಹೋಗುವುದಿಲ್ಲ. ತಾವು ಕಳೆದುಕೊಳ್ಳಲಿರುವುದನ್ನು ಎಣಿಸುತ್ತಾರೆ. ಕರ್ತವ್ಯಭಾರವಿಲ್ಲದೆ ಜೀವನಕ್ಕೆ ಸಾಕಾಗುವ ಆದಾಯ, ಗಳಿಸಿದ ಹೆಸರು, ಪ್ರೀತಿಸುವ ಜನ, ನಡುವಯಸ್ಸು ಇವನ್ನೆಲ್ಲ ಮುಂದಿಟ್ಟು, ಆತ್ಮಸಾಕ್ಷಿಯ ಒತ್ತಾಯವಲ್ಲದೆ ಬೇರೆ ಯಾವ ಕಾರಣ ತಮ್ಮನ್ನು ಹೀಗೆ ನಡೆಸಬಲ್ಲುದೆಂದು ಮರುಪ್ರಶ್ನೆ ಹಾಕುತ್ತಾರೆ. ತತ್ತ್ವದ ಬದಲು ವ್ಯಕ್ತಿಯನ್ನೇ ಸಾಕ್ಷಿಯಾಗಿ ನಿಲ್ಲಿಸುವ ಈ ಕ್ರಮ ಹತ್ತೊಂಬತ್ತು ವರ್ಷಗಳ ಅನಂತರ ಬಂದ ‘ಅಪೋಲೋಜಿಯಾ’ದ ಬೀಜರೂಪವೆಂದು ತೋರುತ್ತದೆ.

೧೮೪೫ರ ಅಕ್ಟೋಬರ್ ೩ರಂದು ಅವರು ಓರಿಯಲ್ ಕಾಲೇಜಿನ ಸ್ಥಾನವನ್ನು ತ್ಯಜಿಸಿದರು. ೮ರ ರಾತ್ರಿ ಇಟಲಿಯ ಗುರು ಡೊಮಿನಿಕ್ ಬಾರ್ಬೆರಿ ಸುರಿವ ಮಳೆಯಲ್ಲಿ ಗಾಡಿಯ ಮೇಲ್ಭಾಗದಲ್ಲಿ ಕುಳಿತು ಪ್ರಯಾಣ ಮಾಡಿ, ತೊಯ್ದು ತೊಪ್ಪೆಯಾಗಿ ಲಿಟಲ್‌ಮೋರನ್ನು ತಲುಪಿದರು. ಮರುದಿನ, ೯ರಂದು, ನ್ಯೂಮನ್ ಕಥೋಲಿಕ ಸಭೆಗೆ ಸೇರ್ಪಡೆಯಾದರು. ವಿಷಯವನ್ನು ತಿಳಿಸುವ ಪತ್ರಗಳನ್ನು ಗೆಳೆಯರಿಗೆ ಮೊದಲೇ ಬರೆದಿಟ್ಟು, ಕಾರ್ಯ ಮುಗಿದ ಮೇಲೆ ಕಳುಹಿಸುವ ವ್ಯವಸ್ಥೆ ಮಾಡಿದ್ದರು. ಅವು ಹೆಚ್ಚಿನಂಶ ತಿಳಿವಳಿಕೆಯ ಪತ್ರಗಳು, ವಿವರಣೆಯ ಪತ್ರಗಳಲ್ಲ. ವಿವರಣೆಗೆಂದು ಬರೆಯುತ್ತಿದ್ದ ಗ್ರಂಥ ಬೇರೆಯೇ ಇತ್ತು. ಅದೇ ವರ್ಷ ಪ್ರಕಟವಾದ, ಕ್ರೈಸ್ತ ಸಿದ್ಧಾಂತದ ವಿಕಾಸವನ್ನು ಕುರಿತ ಅವರ ಪ್ರಬಂಧ, ರೋಮಿನ ಇಂದಿನ ಬೋಧನೆ ಪ್ರಾಚೀನ ಸಭೆಯಲ್ಲಿ ಕಾಣದಲ್ಲ ಎಂಬ ಪ್ರಶ್ನೆಗೆ ಉತ್ತರ: ಜೀವಂತ ವಿಚಾರ ಬೆಳೆಯುತ್ತದೆ, ಬೆಳವಣಿಗೆಯನ್ನು ವಿಕೃತಿಯಿಂದ ಬೇರ್ಪಡಿಸುವ ಲಕ್ಷಣಗಳಿವೆ. ತತ್ತ್ವದ ಮಟ್ಟದಲ್ಲಿ ಇದಕ್ಕಿಂತ ಗಂಭೀರವಾದ ಉತ್ತರವನ್ನು ಆ ಕಾಲದ ಯಾವ ಮತಾಂತರಿಯೂ ಕೊಟ್ಟಂತಿಲ್ಲ. ಆದರೂ ಅದರಿಂದ ಸಂದೇಹ ತಣಿಯಲಿಲ್ಲ.

ಮುಂದಿನ ವರ್ಷಗಳಲ್ಲಿ ಅವರು ಬೇರೆ ಬೇರೆ ಪ್ರಕಾರಗಳಲ್ಲಿ ಉತ್ತರಿಸಿ ನೋಡಿದರು. ಮತಾಂತರಿಗಳನ್ನು ಕುರಿತ ಪ್ರತಿಕೂಲ ಕಾದಂಬರಿಯೊಂದಕ್ಕೆ ಪ್ರತಿಯಾಗಿ ೧೮೪೮ರಲ್ಲಿ ‘ಲಾಸ್ ಆ್ಯಂಡ್ ಗೇನ್’ ಎಂಬ ಕಾದಂಬರಿ ಬರೆದರು. ಅದರ ನಾಯಕ ಚಾರ್ಲ್ಸ್ ರೆಡಿಂಗ್ ಕಥೋಲಿಕನಾಗಲು ನಿಶ್ಚಯಿಸಿದ ಹೊತ್ತಿನಲ್ಲಿ ಚಿತ್ರವಿಚಿತ್ರ ಪಂಥಗಳ ಪ್ರತಿನಿಧಿಗಳು ಒಬ್ಬರ ಹಿಂದೊಬ್ಬರಂತೆ ಅವನ ಕೋಣೆಗೆ ಬಂದು ತಮ್ಮ ಕಡೆ ಸೆಳೆಯಲೆತ್ನಿಸುವ ಪ್ರಕರಣ ಹಾಸ್ಯಮಯವಾಗಿದೆ. ತಾಯಿ ಅವನನ್ನು ತಣ್ಣಗೆ ಬೀಳ್ಕೊಡುವ ಸನ್ನಿವೇಶದಲ್ಲಿ ಹಾಸ್ಯವಿಲ್ಲ. ೧೮೫೧ರ ಉಪನ್ಯಾಸಮಾಲೆಯಲ್ಲಿ ಇಂಗ್ಲಿಷರ ಕಥೋಲಿಕದ್ವೇಷ ಕೇಳಿಕೆಯ ಮೇಲೆ, ಪರಂಪರಾಗತ ಕಥೆಗಳ ಮೇಲೆ ನಿಂತಿರುವುದನ್ನು ವ್ಯಂಗ್ಯದಿಂದ ಬಯಲಿಗೆಳೆದರು. ೧೮೬೨ರಲ್ಲಿ ಅವರು ಆಂಗ್ಲಿಕನ್ ಸಭೆಗೆ ಮರಳಲಿದ್ದಾರೆಂಬ ವದಂತಿ ‘ಗ್ಲೋಬ್’ ಪತ್ರಿಕೆಯಲ್ಲಿ ಬಂದಾಗ ಅದನ್ನು ತೀವ್ರ ಶಬ್ದಗಳಲ್ಲಿ ಅಲ್ಲಗಳೆದರು. ಆ ಪತ್ರ ಅಗತ್ಯಕ್ಕಿಂತ ಕಟುವಾಯಿತೆಂದು ಈ ಲೇಖಕನ ಅಭಿಪ್ರಾಯ. ಆದರೆ ಮತಾಂತರಿಯನ್ನು ಹದಿನೇಳು ವರ್ಷಗಳ ಮೇಲೂ ‘ಪಶ್ಚಾತ್ತಾಪವಾಗಿದೆಯೇ’ ಎಂದು ಕೇಳುತ್ತಲೇ ಇದ್ದರೆಂಬುದಕ್ಕೆ ಅದು ದಾಖಲೆಯಾಗಿದೆ.

ನಿರ್ಣಾಯಕವಾದ ಪ್ರಶ್ನೆ ಬಂದದ್ದು ಅನಿರೀಕ್ಷಿತ ಮೂಲೆಯಿಂದ. ೧೮೬೪ರ ಜನವರಿಯ ‘ಮ್ಯಾಕ್‌ಮಿಲನ್ಸ್ ಮ್ಯಾಗಜೀನ್’ ಸಂಚಿಕೆಯಲ್ಲಿ ಫ್ರೂಡ್ ಅವರ ಇಂಗ್ಲೆಂಡಿನ ಇತಿಹಾಸಗ್ರಂಥವನ್ನು ವಿಮರ್ಶಿಸುತ್ತ ಕೇಂಬ್ರಿಜ್‌ನ ಇತಿಹಾಸ ಪ್ರಾಧ್ಯಾಪಕ, ಕಾದಂಬರಿಕಾರ ಚಾರ್ಲ್ಸ್ ಕಿಂಗ್ಸ್‌ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಸೇರಿಸಿದರು: ಸತ್ಯವನ್ನು ಸತ್ಯಕ್ಕಾಗಿಯೇ ಗೌರವಿಸುವುದು ರೋಮಿನ ಪಾದ್ರಿಗಳಲ್ಲಿ ಎಂದೂ ಗುಣವೆನಿಸಿರಲಿಲ್ಲ, ಹಾಗಿರಬೇಕಿಲ್ಲವೆಂದು ಫಾದರ್ ನ್ಯೂಮನ್ ಅವರೇ ಹೇಳಿದ್ದಾರೆ ಎಂಬುದು ಅದರ ಸಾರ. ಎಲ್ಲಿ ಹೇಳಿದ್ದಾರೆಂದು ಆಧಾರ ಕೇಳಿದಾಗ ಕಿಂಗ್ಸ್‌ಲಿ ತೋರಿಸಿದ್ದು ೧೮೪೪ರಲ್ಲಿ ಪ್ರಕಟವಾದ ಒಂದು ಧರ್ಮೋಪದೇಶವನ್ನು. ಅದು ನ್ಯೂಮನ್ ಆಂಗ್ಲಿಕನ್ ಪಾದ್ರಿಯಾಗಿದ್ದಾಗ ಮಾಡಿದ್ದು. ಅಲ್ಲಿ ಆ ಮಾತು ಇರಲೂ ಇಲ್ಲ. ಕಿಂಗ್ಸ್‌ಲಿ ಅರೆಮನಸ್ಸಿನ ಕ್ಷಮೆ ಕೋರಿದರು. ನ್ಯೂಮನ್ ಇಡೀ ಪತ್ರವ್ಯವಹಾರವನ್ನು ಕಿರುಹೊತ್ತಗೆಯಾಗಿ ಅಚ್ಚುಹಾಕಿಸಿ ಅದಕ್ಕೆ ಚುರುಕಾದ ವ್ಯಂಗ್ಯಟಿಪ್ಪಣಿಯನ್ನೂ ಜೋಡಿಸಿದರು. ಕೆರಳಿದ ಕಿಂಗ್ಸ್‌ಲಿ ಮಾರ್ಚ್‌ನಲ್ಲಿ ಮತ್ತೊಂದು ಹೊತ್ತಗೆಯನ್ನು ಹೊರತಂದರು. ನ್ಯೂಮನ್ ಏನೇ ಉತ್ತರ ಕೊಟ್ಟರೂ ಅದು ಜಾಣತನದ ದ್ವಂದ್ವಾರ್ಥವಲ್ಲವೆಂದು ನಂಬುವುದು ಹೇಗೆ ಎಂಬ ಸಂದೇಹವನ್ನು ಅಲ್ಲಿ ಎತ್ತಲಾಗಿತ್ತು.

ಇದನ್ನು ನ್ಯೂಮನ್ ಬಾವಿಗೆ ವಿಷ ಬೆರೆಸುವ ಕೃತ್ಯಕ್ಕೆ ಹೋಲಿಸಿದ್ದಾರೆ. ಪ್ರತಿವಾದಿಯ ಒಂದು ವಾದವನ್ನು ಖಂಡಿಸುವುದು ಬೇರೆ, ಅವನು ಮುಂದೆ ಆಡಬಹುದಾದ ಮಾತುಗಳನ್ನೆಲ್ಲ ಮೊದಲೇ ಅಪನಂಬಿಕೆಗೆ ಗುರಿಮಾಡುವುದು ಬೇರೆ. ಇಂಥ ಆಪಾದನೆಯನ್ನು ಬಿಡಿಬಿಡಿಯಾಗಿ ಖಂಡಿಸಿದಷ್ಟೂ ಅದು ಬಲಗೊಳ್ಳುತ್ತದೆ, ಖಂಡನೆಯ ಚಾತುರ್ಯವೇ ಸಾಕ್ಷ್ಯವಾಗಿಬಿಡುತ್ತದೆ. ಆದುದರಿಂದ ಅವರು ಕಿಂಗ್ಸ್‌ಲಿಯವರ ಆಪಾದನೆಗಳಿಗೆ ಉತ್ತರಿಸುವುದಕ್ಕೆ ಬದಲಾಗಿ, ತಮ್ಮ ಮನಸ್ಸು ಬಾಲ್ಯದಿಂದ ೧೮೪೫ರವರೆಗೆ ನಡೆದುಬಂದ ಹಾದಿಯನ್ನು ದಿನಾಂಕಸಹಿತ ತೆರೆದಿಡಲು ನಿರ್ಧರಿಸಿದರು. ಗ್ರೀಕ್ ಮೂಲದ ‘ಅಪೋಲೋಜಿಯಾ’ ಪದಕ್ಕೆ ಇಲ್ಲಿ ಕ್ಷಮಾಯಾಚನೆಯೆಂಬ ಅರ್ಥವಿಲ್ಲ. ನ್ಯಾಯಸಭೆಯ ಎದುರು ಸಾಕ್ರಟೀಸ್ ಮಾಡಿದ ಬಗೆಯ ಪ್ರತಿವಾದವೆಂದೇ ಅದನ್ನು ತಿಳಿಯಬೇಕು.

ಗ್ರಂಥ ಏಪ್ರಿಲ್ ೨೧ರಿಂದ ಜೂನ್ ೨ರವರೆಗೆ ಪ್ರತಿ ಗುರುವಾರ ಒಂದರಂತೆ ಏಳು ಭಾಗಗಳಲ್ಲಿ, ಅನಂತರ ಒಂದು ಅನುಬಂಧದೊಡನೆ ಪ್ರಕಟವಾಯಿತು. ಅರವತ್ತಮೂರರ ವಯಸ್ಸಿನಲ್ಲಿ ನ್ಯೂಮನ್ ದಿನಕ್ಕೆ ಹದಿನಾರು ಗಂಟೆಗಳವರೆಗೂ ಬರೆದರು, ಅದರಲ್ಲಿ ಬಹುಭಾಗವನ್ನು ಮೇಜಿನ ಮುಂದೆ ನಿಂತುಕೊಂಡೇ. ಬರೆಯುತ್ತ ಅತ್ತದ್ದೂ ಉಂಟು. ನೆನಪನ್ನಷ್ಟೇ ನೆಚ್ಚದೆ ಹಳೆಯ ಪತ್ರಗಳನ್ನು ತರಿಸಿಕೊಂಡರು; ಆರ್. ಡಬ್ಲ್ಯು. ಚರ್ಚ್, ಕೀಬಲ್ ಮೊದಲಾದ ಆಂಗ್ಲಿಕನ್ ಗೆಳೆಯರಿಂದ ಸಂಗತಿಗಳನ್ನು ಪರಿಶೀಲಿಸಿಕೊಂಡರು. ಈ ಅಂಶಕ್ಕೆ ಸಿಗಬೇಕಾದಷ್ಟು ಮಹತ್ತ್ವ ಸಿಕ್ಕಿಲ್ಲವೆಂದು ತೋರುತ್ತದೆ. ಯಾರನ್ನು ಬಿಟ್ಟುಹೋದರೆಂದು ಆಪಾದನೆಯಿತ್ತೋ ಅವರೇ ಅವರ ಸತ್ಯಸಂಧತೆಗೆ ಸಾಕ್ಷಿಗಳಾದರು. ೧೮೬೫ರ ಆವೃತ್ತಿಯಲ್ಲಿ ಕಿಂಗ್ಸ್‌ಲಿಯವರನ್ನು ಎದುರಿಸುವ ಮೊದಲ ಭಾಗಗಳನ್ನು ಕೈಬಿಟ್ಟು, ಕೃತಿಯನ್ನು ತಮ್ಮ ಧಾರ್ಮಿಕ ಅಭಿಪ್ರಾಯಗಳ ಇತಿಹಾಸವೆಂದು ಕರೆದರು. ಆ ಹೊತ್ತಿಗೆ ಪ್ರಶ್ನೆ ಕೇಳಿದವರು ಅನಗತ್ಯರಾಗಿದ್ದರು.

ತತ್ತ್ವವಿಚಾರ ಕೊನೆಯ ಅಧ್ಯಾಯಕ್ಕಷ್ಟೇ ಸೀಮಿತವಾಗಿದೆ. ಅಲ್ಲಿಯೂ ಅವರು ಕಥೋಲಿಕ ಬೋಧನೆಗಳನ್ನು ಒಂದೊಂದಾಗಿ ಸಾಧಿಸಹೊರಡುವುದಿಲ್ಲ. ಒಂದು ವಿಷಯದಲ್ಲಿ ಬಿಡಿಸಲಾಗದ ತೊಡಕುಗಳಿರುವುದಕ್ಕೂ ಆ ವಿಷಯವನ್ನು ಸಂದೇಹಿಸುವುದಕ್ಕೂ ವ್ಯತ್ಯಾಸವಿದೆ ಎಂಬುದು ಅಲ್ಲಿನ ಮುಖ್ಯ ಪ್ರತಿಪಾದನೆ. ಗಣಿತದ ಲೆಕ್ಕವೊಂದು ಬಿಡಿಸಲು ಬಾರದಿದ್ದರೂ ಅದಕ್ಕೆ ಉತ್ತರವಿದೆಯೆಂಬುದರಲ್ಲಿ ವಿದ್ಯಾರ್ಥಿಗೆ ಅನುಮಾನವಿರುವುದಿಲ್ಲವಷ್ಟೆ. ಮತಾಂತರಿಯನ್ನು ಎಲ್ಲ ತೊಡಕುಗಳಿಗೂ ಪರಿಹಾರ ಕೊಡು ಎಂದು ಕೇಳುವವರಿಗೆ ಇದೊಂದು ಪರೋಕ್ಷ ಉತ್ತರ. ಅದೇ ವರ್ಷದ ಪತ್ರವೊಂದರಲ್ಲಿ, ಬಿಡಿಯಾಗಿ ದುರ್ಬಲವಾದ ಎಳೆಗಳು ಸೇರಿ ಕಬ್ಬಿಣದ ಸಲಾಕೆಯಷ್ಟೇ ಗಟ್ಟಿಯಾದ ಹಗ್ಗವಾಗುವಂತೆ ಅನೇಕ ಸಂಭಾವ್ಯತೆಗಳು ಕೂಡಿ ನಿಶ್ಚಯವಾಗುತ್ತವೆ ಎಂಬ ಹೋಲಿಕೆಯನ್ನು ಕೊಟ್ಟರು. ೧೮೭೦ರ ‘ಗ್ರಾಮರ್ ಆಫ್ ಅಸೆಂಟ್’ ಗ್ರಂಥ ಈ ಹೋಲಿಕೆಯ ಶಾಸ್ತ್ರೀಯ ವಿಸ್ತರಣೆ.

ಪರಿಣಾಮ ಶೀಘ್ರವಾಗಿಯೇ ಕಂಡುಬಂತು. ಇಂಗ್ಲೆಂಡಿನ ಓದುಗವರ್ಗ ನ್ಯೂಮನ್ನರ ನಂಬಿಕೆಯನ್ನು ಒಪ್ಪದಿದ್ದರೂ ಅವರ ಮಾತನ್ನು ನಂಬಿತು. ೧೮೬೫ರ ಸೆಪ್ಟೆಂಬರಿನಲ್ಲಿ ನ್ಯೂಮನ್, ಕೀಬಲ್, ಪ್ಯೂಸಿ ಮೂವರೂ ಇಪ್ಪತ್ತು ವರ್ಷಗಳ ಬಳಿಕ ಕೀಬಲ್ಲರ ಮನೆಯಲ್ಲಿ ಒಟ್ಟಿಗೆ ಊಟಕ್ಕೆ ಕುಳಿತರು. ಮುಂದಿನ ಮಾರ್ಚ್‌ನಲ್ಲಿ ಕೀಬಲ್ ತೀರಿಕೊಂಡರು. ಎಲ್ಲರೂ ಒಪ್ಪಿದರೆಂದೇನೂ ಅಲ್ಲ. ನ್ಯೂಮನ್ ನಿಧನದ ಮರುವರ್ಷವೇ ಎಡ್ವಿನ್ ಅಬಟ್ ‘ಫಿಲೊಮಿಥಸ್’ ಎಂಬ ಕೃತಿಯಲ್ಲಿ ಅವರ ವಾದಕ್ರಮವನ್ನು ಕಟುವಾಗಿ ವಿಮರ್ಶಿಸಿದರು. ಆತ್ಮಚರಿತ್ರೆ ಕೂಡ ಆಯ್ಕೆಯ ಫಲವೆಂಬುದನ್ನು ಮರೆಯುವಂತಿಲ್ಲ. ಸಹೋದರಿಯರೊಂದಿಗಿನ ಬಿರುಕಿಗೆ ‘ಅಪೋಲೋಜಿಯಾ’ದಲ್ಲಿ ಎಡೆಯಿಲ್ಲ. ಆದರೆ ೧೮೭೫ರಲ್ಲಿ ಕಿಂಗ್ಸ್‌ಲಿ ತೀರಿಕೊಂಡಾಗ ನ್ಯೂಮನ್ ಅವರ ಆತ್ಮಕ್ಕಾಗಿ ಬಲಿಪೂಜೆ ಅರ್ಪಿಸಿದರೆಂಬುದನ್ನೂ ಜೊತೆಯಲ್ಲಿಯೇ ನೆನೆಯಬೇಕು. ೧೮೭೯ರಲ್ಲಿ ಕಾರ್ಡಿನಲ್ ಆದ ಅವರನ್ನು ೨೦೧೯ರಲ್ಲಿ ಸಂತರೆಂದು, ೨೦೨೫ರಲ್ಲಿ ಧರ್ಮಸಭೆಯ ಆಚಾರ್ಯರೆಂದು ಘೋಷಿಸಲಾಯಿತು.

ಪ್ರಾಮಾಣಿಕತೆಯ ಪ್ರಶ್ನೆಗೆ ಇತಿಹಾಸವೇ ಉತ್ತರವಾಗಬಲ್ಲುದೆಂಬುದು ಇಂಗ್ಲೆಂಡಿನ ಸಂದರ್ಭಕ್ಕೆ ಹೊಂದಿಕೊಂಡ ಮಾತು. ಭಾರತದಲ್ಲಿ ಕಥೋಲಿಕನಾದವನಿಗೆ ಎದುರಾದ ಪ್ರಶ್ನೆಯ ಸ್ವರೂಪವೇ ಬೇರೆ. ಬಂಗಾಳದ ಭವಾನೀಚರಣ ಬಂದ್ಯೋಪಾಧ್ಯಾಯರು (೧೮೬೧–೧೯೦೭) ಕೇಶವಚಂದ್ರ ಸೇನರ ಪ್ರಭಾವದಿಂದ ಬ್ರಾಹ್ಮಸಮಾಜಿಗಳಾಗಿ, ಸಿಂಧ್ ಪ್ರಾಂತದಲ್ಲಿ ಉಪಾಧ್ಯಾಯರಾಗಿದ್ದಾಗ ೧೮೯೧ರ ಫೆಬ್ರವರಿಯಲ್ಲಿ ಆಂಗ್ಲಿಕನ್ ಪಾದ್ರಿಯಿಂದ ದೀಕ್ಷಾಸ್ನಾನ ಪಡೆದು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಕರಾಚಿಯಲ್ಲಿ ಕಥೋಲಿಕರಾದರು. ೧೮೯೪ರಲ್ಲಿ ಬ್ರಹ್ಮಬಾಂಧವ ಉಪಾಧ್ಯಾಯ ಎಂಬ ಹೆಸರನ್ನೂ ಕಾವಿಯನ್ನೂ ಧರಿಸಿದರು. ಅವರ ಪ್ರಾಮಾಣಿಕತೆಯನ್ನು ಯಾರೂ ಅಷ್ಟಾಗಿ ಶಂಕಿಸಲಿಲ್ಲ. ‘ನೀವು ಇನ್ನೂ ನಮ್ಮವರೇ?’ ಎಂಬುದು ಅವರ ಮುಂದಿದ್ದ ಪ್ರಶ್ನೆ. ಅದನ್ನು ಹಿಂದೂಗಳೂ ಕೇಳಿದರು, ಕಥೋಲಿಕ ಅಧಿಕಾರಿಗಳೂ ಕೇಳಿದರು.

ಇಂಥ ಪ್ರಶ್ನೆಗೆ ಆತ್ಮಚರಿತ್ರೆ ಉತ್ತರವಾಗಲಾರದು. ಬ್ರಹ್ಮಬಾಂಧವರು ಕೊಟ್ಟದ್ದು ಒಂದು ವಿಭಜನೆಯನ್ನು. ತಮ್ಮ ‘ಸೋಫಿಯಾ’ ಪತ್ರಿಕೆಯ ೧೮೯೮ರ ಲೇಖನವೊಂದರಲ್ಲಿ, ಹುಟ್ಟು, ಆಚಾರ, ಸಾಮಾಜಿಕ ನಡವಳಿಕೆಗಳಲ್ಲಿ ತಾವು ಹಿಂದೂ, ಆತ್ಮೋದ್ಧಾರದ ಸಾಧನೆಯಲ್ಲಿ ಕಥೋಲಿಕ ಎಂಬ ನಿಲುವನ್ನು ಮಂಡಿಸಿದರು. ಸಮಾಜಧರ್ಮ, ಸಾಧನಧರ್ಮ ಎಂಬ ಈ ಭೇದದಲ್ಲಿ ಎರಡೂ ಕಡೆಯವರಿಗೆ ಒಂದೇ ಉತ್ತರವಿತ್ತು. ಎರಡೂ ಕಡೆಯವರಿಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಚರ್ಚಿನ ಅಧಿಕಾರಿಗಳು ಅವರ ಪತ್ರಿಕಾವ್ಯವಸಾಯಕ್ಕೆ ನಿರ್ಬಂಧ ಹೇರಿದರು. ೧೯೦೪ರಲ್ಲಿ ‘ಸಂಧ್ಯಾ’ ಪತ್ರಿಕೆಯನ್ನು ಆರಂಭಿಸಿ ರಾಷ್ಟ್ರೀಯ ಹೋರಾಟಕ್ಕೆ ಧುಮುಕಿದ ಬ್ರಹ್ಮಬಾಂಧವರು ೧೯೦೭ರಲ್ಲಿ ಪ್ರಾಯಶ್ಚಿತ್ತವಿಧಿಯನ್ನು ನೆರವೇರಿಸಿಕೊಂಡರು. ಅದು ಹಿಂದೂಧರ್ಮಕ್ಕೆ ಮರಳಿದ ಕ್ರಿಯೆಯೆಂದು ಕೆಲವರೂ, ಅವರದೇ ವಿಭಜನೆಯಂತೆ ಕೇವಲ ಸಮಾಜಧರ್ಮಕ್ಕೆ ಸಂಬಂಧಿಸಿದ್ದೆಂದು ಶಿಷ್ಯ ಅನಿಮಾನಂದ ಮೊದಲಾದವರೂ ಅರ್ಥೈಸಿದ್ದಾರೆ. ಅವರ ಮಾತುಗಳ ಆಧಾರದಿಂದಲೇ ಎರಡನ್ನೂ ಸಮರ್ಥಿಸಬಹುದಾಗಿದೆ. ರಾಜದ್ರೋಹದ ಮೊಕದ್ದಮೆ ನಡೆಯುತ್ತಿರುವಾಗಲೇ, ಅದೇ ವರ್ಷ ಅಕ್ಟೋಬರ್ ೨೭ರಂದು ಅವರು ಕಲ್ಕತ್ತೆಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಹಿಂದೂ ವಿಧಿಯಂತೆ ನಡೆಯಿತು. ಅವರು ರಚಿಸಿದ ‘ವಂದೇ ಸಚ್ಚಿದಾನಂದಂ’ ಎಂಬ ಸಂಸ್ಕೃತ ಸ್ತೋತ್ರವನ್ನು ಭಾರತದ ಕಥೋಲಿಕ ದೇವಾಲಯಗಳಲ್ಲಿ ಇಂದಿಗೂ ಹಾಡುತ್ತಾರೆ.